ಮೂರು ಕಲ್ಲಿನ ಒಲೆ ಮತ್ತು ಲೋಟಸ್ ಸೆವೆನ್

ಹಗುರವಾದ ಸ್ಪೋರ್ಟ್ಸ್ ಕಾರೊಂದನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಹಿಂದಿನ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಎರಡನ್ನೂ ಬಿಚ್ಚಿ ಪಕ್ಕಕ್ಕಿಡಿ. ಈಗ ಹಿಂದಿನ ಎರಡೂ ಚಕ್ರಗಳನ್ನು ಒಟ್ಟಿಗೆ ಎತ್ತಿ ಇಳಿಸಿ ನೋಡಿ. ಸಲೀಸಾಗಿ ಆಡುತ್ತವೆ. ಆಮೇಲೆ ಒಂದನ್ನೇ ಎತ್ತಿ. ಅರ್ಧ ದಾರಿಗೆ ಬಂದು ಹಿಡಿದುಕೊಂಡುಬಿಡುತ್ತದೆ! ಬಲ ಹಾಕಿದರೆ ಕಿರ್ ಅನ್ನುತ್ತದೆ, ಬಿಟ್ಟರೆ ವಾಪಸ್ ಚಿಮ್ಮುತ್ತದೆ. ಸ್ಪ್ರಿಂಗೇ ಇಲ್ಲ, ಚಿಮ್ಮುವುದು ಎಲ್ಲಿಂದ?

ಈ ಪ್ರಶ್ನೆಗೆ ಅರವತ್ತು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಕಾರಿನ ಇತಿಹಾಸ ಅಂದರೆ ಇಂಜಿನ್ನು, ರೇಸು, ಗೆದ್ದವರ ಹೆಸರು ಇಷ್ಟೇ ಬರೆಯುತ್ತಾರೆ. ಕಾರಿನ ಅಡಿಯಲ್ಲಿ, ಯಾರಿಗೂ ಕಾಣದ ಜಾಗದಲ್ಲಿ, ನಾಲ್ಕೈದು ಕಬ್ಬಿಣದ ಸರಳುಗಳು ತಮ್ಮ ತಮ್ಮಲ್ಲೇ ಜಗಳವಾಡಿದ ಕತೆ ಯಾರಿಗೆ ಬೇಕು? ನನಗೆ ಬೇಕು, ಅದಕ್ಕೇ ಬರೆಯುತ್ತಿದ್ದೇನೆ :-)

ಕತೆ ಶುರುವಾಗುವುದು ಕಾಲಿನ್ ಚಾಪ್‌ಮನ್‌ನಿಂದ. 1928ರಲ್ಲಿ ಹುಟ್ಟಿದ ಇಂಗ್ಲೆಂಡಿನವ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಓದಿದ್ದು ಕಟ್ಟಡ, ಸೇತುವೆಗಳ ರಚನೆಯ ಎಂಜಿನಿಯರಿಂಗ್. 1948ರಲ್ಲಿ ಹಳೇ ಆಸ್ಟಿನ್ ಸೆವೆನ್ ಒಂದನ್ನು ಬಿಚ್ಚಿ ತನ್ನ ಮೊದಲ ಕಾರು ಕಟ್ಟಿದ. 1952ರಲ್ಲಿ ಲೋಟಸ್ ಎಂಜಿನಿಯರಿಂಗ್ ಶುರುಮಾಡಿದ. 1957ರಲ್ಲಿ ಲೋಟಸ್ ಸೆವೆನ್ ಬಂತು. ಬಾಗಿಲಿಲ್ಲ, ಸರಿಯಾದ ಚಾವಣಿ ಇಲ್ಲ, ಸಣ್ಣ ಕೊಳವೆಗಳ ಚೌಕಟ್ಟು, ಮೇಲೆ ಅಲ್ಯೂಮಿನಿಯಂ ತಗಡು. ಒಟ್ಟು ತೂಕ ಐನೂರು ಕಿಲೋ ಆಸುಪಾಸು. ನಮ್ಮ ಅಂಬಾಸಿಡರ್ ಸಾವಿರ ಕಿಲೋ ದಾಟುತ್ತಿತ್ತು ಅನ್ನುವುದನ್ನು ನೆನಪಿಟ್ಟುಕೊಂಡರೆ ಇದು ಎಷ್ಟು ಹಗುರ ಅಂತ ಗೊತ್ತಾಗುತ್ತದೆ.

ಈ ಹಗುರತನವೇ ನಮ್ಮ ಕತೆಯ ಮುಖ್ಯ ಪಾತ್ರ. ಐನೂರು ಕಿಲೋ ಕಾರಿನಲ್ಲಿ ಒಬ್ಬ ಕೂತರೆ ಒಂದು ಹಿಂಚಕ್ರದ ಪಾಲಿಗೆ ಬರುವುದು ನೂರೈವತ್ತು ಕಿಲೋ ಲೆಕ್ಕ. ಅದಕ್ಕೆ ತಕ್ಕ ಹಾಗೆ ಸ್ಪ್ರಿಂಗೂ ಮೆತ್ತಗೆ. ಸರಳುಗಳ ಕೀಲಿನಲ್ಲಿ ಹತ್ತು ಕಿಲೋದಷ್ಟು ಹಿಡಿತ ಇದೆ ಅಂದುಕೊಳ್ಳಿ. ಲಾರಿಯಲ್ಲಿ ಅದು ಲೆಕ್ಕಕ್ಕೇ ಇಲ್ಲ, ಸ್ಪ್ರಿಂಗು ಅದನ್ನು ನುಂಗಿಹಾಕುತ್ತದೆ. ಇಲ್ಲಿ ಹಾಗಲ್ಲ. ಸ್ಪ್ರಿಂಗಿನ ಕೆಲಸದಲ್ಲಿ ಅದು ದೊಡ್ಡ ಪಾಲನ್ನೇ ಕದಿಯುತ್ತದೆ. ತಿರುವಿನಲ್ಲಿ ಕಾರು ವಾಲುವಾಗ ಹಿಂದಿನ ಆಕ್ಸಲ್ ಹಿಡಿದುಕೊಂಡರೆ ಒಳಗಿನ ಚಕ್ರದ ಮೇಲಿನ ಭಾರ ಒಮ್ಮೆಲೇ ಕಡಿಮೆಯಾಗಿ ಕಾರಿನ ಹಿಂಭಾಗ ಹೊರಕ್ಕೆ ಜಾರುತ್ತದೆ. ಒದ್ದೆ ರಸ್ತೆಯಲ್ಲಿ ಇದು ಬರೀ ಸದ್ದಿನ ವಿಷಯ ಅಲ್ಲ, ಕೈಕಾಲಿನ ವಿಷಯ.

ಆಕ್ಸಲ್ ಅಂದರೆ ಯಾವುದು ಅಂತ ಹೇಳಿಬಿಡುತ್ತೇನೆ. ಎರಡು ಚಕ್ರಗಳ ನಡುವೆ ಒಂದೇ ಕೊಳವೆ, ಮಧ್ಯದಲ್ಲಿ ಕುಂಬಳಕಾಯಿಯಂತೆ ಉಬ್ಬಿದ ಡಿಫರೆನ್ಷಿಯಲ್. ಲಾರಿ, ಜೀಪು, ಅಂಬಾಸಿಡರ್ ಎಲ್ಲದರ ಹಿಂದೆಯೂ ಇದ್ದದ್ದು ಇದೇ. ಇದು ಎರಡೇ ರೀತಿ ಆಡಬೇಕು: ನೇರವಾಗಿ ಮೇಲೆ ಕೆಳಗೆ ಒಂದು, ಒಂದು ಚಕ್ರ ಮೇಲೆ ಇನ್ನೊಂದು ಕೆಳಗೆ ಆಗಿ ವಾಲುವುದು ಇನ್ನೊಂದು. ಮಿಕ್ಕ ನಾಲ್ಕು ಚಲನೆಗಳನ್ನು ತಡೆಯಬೇಕು. ಹಿಂದೆ ಮುಂದೆ ಹೋಗಬಾರದು, ಎಡಬಲಕ್ಕೆ ಸರಿಯಬಾರದು, ಓರೆಯಾಗಿ ತಿರುಗಬಾರದು, ತನ್ನ ಸುತ್ತಲೇ ಮಗುಚಬಾರದು. ಅಂಬಾಸಿಡರಿನಲ್ಲಿ ಈ ನಾಲ್ಕನ್ನೂ ಲೀಫ್ ಸ್ಪ್ರಿಂಗಿನ ಪಟ್ಟಿಗಳೇ ನೋಡಿಕೊಳ್ಳುತ್ತಿದ್ದವು. ಚಾಪ್‌ಮನ್‌ಗೆ ಅಷ್ಟು ತೂಕ ಬೇಡ. ಸುರುಳಿ ಸ್ಪ್ರಿಂಗ್ ಹಾಕಿದ. ಸುರುಳಿ ಸ್ಪ್ರಿಂಗು ಭಾರ ಹೊರುತ್ತದೆ ಅಷ್ಟೇ, ಆಕ್ಸಲನ್ನು ಜಾಗದಲ್ಲಿ ಹಿಡಿದಿಡುವುದಿಲ್ಲ. ಅದಕ್ಕೆ ಸರಳುಗಳು ಬೇಕು. ಎಷ್ಟು ಸರಳು?

ಇಲ್ಲಿ ನಮ್ಮ ಅಜ್ಜಿಯರ ಮೂರು ಕಲ್ಲಿನ ಒಲೆ ನೆನಪಿಸಿಕೊಳ್ಳಿ. ನೆಲ ಎಷ್ಟೇ ಏರುಪೇರಿದ್ದರೂ ಮೂರು ಕಲ್ಲಿನ ಮೇಲೆ ಪಾತ್ರೆ ಅಲ್ಲಾಡುವುದಿಲ್ಲ. ನಾಲ್ಕು ಕಾಲಿನ ಮಂಚ ಹಾಗಲ್ಲ. ಒಂದು ಕಾಲು ಕೂದಲೆಳೆ ಗಿಡ್ಡವಾದರೂ ಕುಂಟುತ್ತದೆ, ಅಡಿಗೆ ಮಡಚಿದ ಕಾಗದ ತುರುಕಬೇಕು. ಆದರೆ ಮೂರು ಕಲ್ಲಿನಲ್ಲಿ ಒಂದು ಒಡೆದರೆ ಪಾತ್ರೆ ಬಿತ್ತು. ಆಕ್ಸಲಿನ ಲೆಕ್ಕವೂ ಇದೇ. ನಾಲ್ಕು ಚಲನೆ ತಡೆಯಲು ನಾಲ್ಕೇ ತಡೆ ಇದ್ದರೆ ಅವು ಎಂದೂ ಜಗಳವಾಡುವುದಿಲ್ಲ, ಆದರೆ ಪ್ರತಿಯೊಂದರ ಮೇಲೂ ಹೊರೆ ಜಾಸ್ತಿ. ಐದು ತಡೆ ಇಟ್ಟರೆ ಹೊರೆ ಹಂಚಿಹೋಗುತ್ತದೆ, ಆದರೆ ಅಳತೆಯಲ್ಲಿ ಕೊಂಚ ಹೆಚ್ಚುಕಮ್ಮಿಯಾದರೂ ಒಂದನ್ನೊಂದು ಹಿಡಿದೆಳೆಯುತ್ತವೆ. ಲೋಟಸ್ ಸೆವೆನ್ನಿನ ಹಿಂಭಾಗದ ಇತಿಹಾಸ ಪೂರ್ತಿ ಈ ಎರಡರ ನಡುವಿನ ಓಡಾಟ.

1960ರಲ್ಲಿ ಬಂದ ಎರಡನೇ ಸರಣಿಯ ಸೆವೆನ್‌ಗೆ ಚಾಪ್‌ಮನ್ ಮೂರು ಕಲ್ಲಿನ ಒಲೆಯ ದಾರಿ ಹಿಡಿದ. ಆಕ್ಸಲಿನ ಎರಡು ಪಕ್ಕದಲ್ಲಿ, ಮೇಲ್ಗಡೆ, ಒಂದೊಂದು ಸರಳು. ಕೆಳಗಡೆ ಇಂಗ್ಲಿಷಿನ ಎ ಅಕ್ಷರದ ಆಕಾರದ ಒಂದು ಚೌಕಟ್ಟು. ಅದರ ಎರಡು ಕಾಲು ಚಾಸಿಗೆ, ತುದಿ ಡಿಫರೆನ್ಷಿಯಲಿನ ಹೊಟ್ಟೆಯ ಕೆಳಗೆ, ಒಂದೇ ಒಂದು ರಬ್ಬರ್ ಬುಷ್‌ನಲ್ಲಿ. ಎ-ಚೌಕಟ್ಟು ಹಿಂದೆಮುಂದೆ ಮತ್ತು ಎಡಬಲ ಎರಡನ್ನೂ ತಡೆಯುತ್ತದೆ, ಮೇಲಿನ ಎರಡು ಸರಳು ಮಿಕ್ಕ ಎರಡನ್ನು. ಒಟ್ಟು ನಾಲ್ಕು. ಲೆಕ್ಕ ಚೊಕ್ಕ! ಸೇತುವೆಯ ಲೆಕ್ಕ ಕಲಿತವನ ಕೈ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಒಂದೂ ಹೆಚ್ಚಿನ ಕಡ್ಡಿ ಇಲ್ಲ.

ತೊಂದರೆ ಇದ್ದದ್ದು ಆಕ್ಸಲಿನಲ್ಲಿ. ಅದು ಲೋಟಸ್ಸಿನದಲ್ಲ, ಸ್ಟ್ಯಾಂಡರ್ಡ್ ಕಂಪನಿಯ ಕಂಪ್ಯಾನಿಯನ್ ಎಂಬ ಸಾಧು ಸಂಸಾರಸ್ಥ ಕಾರಿನದು. (ಅಂದ ಹಾಗೆ ಈ ಸ್ಟ್ಯಾಂಡರ್ಡ್ ನಮಗೆ ಅಪರಿಚಿತವಲ್ಲ. ಮದರಾಸಿನಲ್ಲಿ 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಮಾಡಿದ್ದು ಅದೇ ವಂಶ. ಹೆರಾಲ್ಡಿನ ಬಿಡಿಬಿಡಿ ಹಿಂಚಕ್ರಗಳ ವ್ಯವಸ್ಥೆ ಬಿಟ್ಟು 1972ರಲ್ಲಿ ಗೆಜಲ್ ಮಾಡಿದಾಗ ಮದರಾಸಿನವರು ವಾಪಸ್ ಹೋದದ್ದು ಒಂದೇ ಕೊಳವೆಯ ಆಕ್ಸಲಿಗೆ. ನಮ್ಮ ರಸ್ತೆ ಯಾರಿಗೆ ಗೊತ್ತಿಲ್ಲ!) ಈ ಆಕ್ಸಲ್ ಹುಟ್ಟಿದ್ದು ಲೀಫ್ ಸ್ಪ್ರಿಂಗಿಗಾಗಿ. ಅಲ್ಲಿ ಹೊರೆ ಬೀಳುವುದು ಎರಡು ತುದಿಗಳಲ್ಲಿ, ಚಕ್ರದ ಹತ್ತಿರ. ಮಧ್ಯದ ಕುಂಬಳಕಾಯಿಯ ತಳಕ್ಕೆ ಎಣ್ಣೆ ಹಿಡಿದಿಡುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಚಾಪ್‌ಮನ್ ಅದೇ ತಳಕ್ಕೆ ಬೋಲ್ಟ್ ಹಾಕಿದ. ತಿರುವಿನ ಅಡ್ಡಬಲ ಪೂರ್ತಿ ಅಲ್ಲಿ. ಕಾರನ್ನು ಮುಂದೆ ನೂಕುವ ಬಲವೂ ಅಲ್ಲೇ, ಅದೂ ಚಕ್ರ ನೂಕುವುದಕ್ಕಿಂತ ಹೆಚ್ಚಾಗಿ. ಯಾಕೆಂದರೆ ಆಕ್ಸಲ್ ಮಗುಚದಂತೆ ಮೇಲಿನ ಸರಳುಗಳು ಹಿಂದಕ್ಕೆಳೆಯುವಾಗ ಕೆಳಗಿನದು ಆ ಎಳೆತವನ್ನೂ ಹೊರಬೇಕು.

ಆದದ್ದೇನು? ಡಿಫರೆನ್ಷಿಯಲಿನ ಮನೆ ಬಾಗತೊಡಗಿತು, ಜೋಡಣೆಗಳಿಂದ ಎಣ್ಣೆ ಒಸರತೊಡಗಿತು, ಕೆಲವದರಲ್ಲಿ ಬಿರುಕೇ ಬಿಟ್ಟಿತು. ಒಸರಿದ ಎಣ್ಣೆ ಸೀದಾ ಇಳಿಯುವುದು ಎಲ್ಲಿಗೆ? ಕೆಳಗಿರುವ ಬುಷ್ ಮೇಲೆ. ರಬ್ಬರಿಗೂ ಎಣ್ಣೆಗೂ ಆಗಿಬರುವುದಿಲ್ಲ, ಉಬ್ಬಿ ಮೆತ್ತಗಾಗುತ್ತದೆ. ಆಮೇಲೆ ಹಿಂಭಾಗ ಟಕ್ ಟಕ್ ಅನ್ನುತ್ತಾ ಅತ್ತಿತ್ತ ಒಲೆಯುತ್ತದೆ.

ಇಷ್ಟು ಗೊತ್ತಾದ ಮೇಲೂ 1963ರ ಲೋಟಸ್ ಕಾರ್ಟಿನಾದಲ್ಲಿ ಅದೇ ಎ-ಚೌಕಟ್ಟು ಬಂತು ಅನ್ನುವುದು ನನಗೆ ಇಂದಿಗೂ ಸೋಜಿಗ. ಫೋರ್ಡ್‌ನ ನಾಲ್ಕು ಸೀಟಿನ ಕಾರು ಅದು, ಸೆವೆನ್‌ಗಿಂತ ಎಷ್ಟೋ ಭಾರ. ಕಾರ್ಟಿನಾದ ಲೀಫ್ ಸ್ಪ್ರಿಂಗ್ ಕಿತ್ತು ಸುರುಳಿ ಸ್ಪ್ರಿಂಗು, ಎ-ಚೌಕಟ್ಟು ಹಾಕಿದರು. ತೂಕ ಉಳಿಸಲು ಡಿಫರೆನ್ಷಿಯಲಿನ ಮನೆಯನ್ನು ಅಲ್ಯೂಮಿನಿಯಂನಲ್ಲಿ ಮಾಡಿದರು. ಬೋಲ್ಟು ಸಡಿಲವಾಗುವುದು, ಎಣ್ಣೆ ಸೋರುವುದು, ಬುಷ್ ಕೊಳೆಯುವುದು ಎಲ್ಲ ಕ್ರಮವಾಗಿ ನಡೆಯಿತು. ಜಿಮ್ ಕ್ಲಾರ್ಕ್ 1964ರಲ್ಲಿ ಇದೇ ಕಾರಿನಲ್ಲಿ ಬ್ರಿಟಿಷ್ ಸಲೂನ್ ಕಾರು ಚಾಂಪಿಯನ್‌ಶಿಪ್ ಗೆದ್ದ, ಅದು ಸರಿ. ಆದರೆ ಕ್ಲಾರ್ಕ್ ಕಾರಿಗೆ ಪ್ರತಿ ರೇಸಿಗೂ ಮೆಕ್ಯಾನಿಕ್ಕುಗಳಿದ್ದರು, ಅಂಗಡಿಯಿಂದ ಕೊಂಡವನಿಗೆ ಯಾರಿದ್ದರು? 1965ರ ನಡುವಿನ ಹೊತ್ತಿಗೆ ಎ-ಚೌಕಟ್ಟು ಬಿಟ್ಟು ಕಾರ್ಟಿನಾ ಜಿಟಿಯ ಲೀಫ್ ಸ್ಪ್ರಿಂಗಿಗೇ ಮರಳಿದರು. ಜೊತೆಗೆ ಎರಡು ಸರಳು.

ಸೆವೆನ್ ಮಾತ್ರ ಎ-ಚೌಕಟ್ಟು ಬಿಡಲಿಲ್ಲ. ಅದಕ್ಕೊಂದು ಕಾರಣ ಅದರ ತೂಕ. ಇನ್ನೊಂದು ಕಾರಣ ಅದನ್ನು ಮಾರುತ್ತಿದ್ದ ರೀತಿ ಇರಬಹುದು ಅಂತ ನನ್ನ ಅನುಮಾನ. ಆಗ ಬ್ರಿಟನ್ನಿನಲ್ಲಿ ಹೊಸ ಕಾರಿಗೆ ಖರೀದಿ ತೆರಿಗೆ ಇತ್ತು. ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ ಆ ತೆರಿಗೆ ಇಲ್ಲ. ಹಾಗಾಗಿ ಸೆವೆನ್ ಹೆಚ್ಚಾಗಿ ಪೆಟ್ಟಿಗೆಗಳಲ್ಲೇ ಹೋಗುತ್ತಿತ್ತು. ಜೋಡಿಸುವ ವಿಧಾನ ಬರೆದುಕೊಟ್ಟರೆ ತೆರಿಗೆಯವರು ಬಿಡುವುದಿಲ್ಲವೆಂದು ಬಿಚ್ಚುವ ವಿಧಾನ ಬರೆದುಕೊಟ್ಟರು, ಗಿರಾಕಿ ಅದನ್ನು ಹಿಂದುಮುಂದಾಗಿ ಓದಿಕೊಂಡ ಅಂತ ಒಂದು ಕತೆ ಈಗಲೂ ಹೇಳುತ್ತಾರೆ. 1967ರ 'ದಿ ಪ್ರಿಸನರ್' ಎಂಬ ಟೀವಿ ಧಾರಾವಾಹಿಯ ನಾಯಕ ಓಡಿಸುವುದು ಎರಡನೇ ಸರಣಿಯ ಸೆವೆನ್ನನ್ನೇ. ಆ ಕಾರನ್ನು ತಾನೇ ಜೋಡಿಸಿದ್ದು ಅಂತ ಅವನು ಹೆಮ್ಮೆಪಡುತ್ತಾನೆ.

ಮನೆಯಲ್ಲಿ ಜೋಡಿಸುವವನು ಏನು ಮಾಡುತ್ತಾನೆ? ಚಾಸಿಯನ್ನು ಎತ್ತರದಲ್ಲಿ ನಿಲ್ಲಿಸುತ್ತಾನೆ, ಆಕ್ಸಲ್ ಕೆಳಗೆ ಜೋತಾಡುತ್ತಿರುತ್ತದೆ, ಸರಳುಗಳನ್ನು ಸೇರಿಸಿ ಬೋಲ್ಟುಗಳನ್ನು ಪೂರ್ತಿ ಬಿಗಿದುಬಿಡುತ್ತಾನೆ. ಅಲ್ಲೇ ಹಿಡಿತ ಹುಟ್ಟುತ್ತದೆ. ರಬ್ಬರ್ ಬುಷ್ ಬಾಗಿಲ ಕೀಲಿನ ಹಾಗೆ ತಿರುಗುವುದಿಲ್ಲ. ಹೊರಗಿನ ಕಬ್ಬಿಣದ ಬಳೆ, ಒಳಗಿನ ಕಬ್ಬಿಣದ ಕೊಳವೆ, ನಡುವೆ ಎರಡಕ್ಕೂ ಅಂಟಿಕೊಂಡ ರಬ್ಬರು. ಬೋಲ್ಟು ಬಿಗಿದಾಗ ಒಳಗಿನ ಕೊಳವೆ ಬ್ರಾಕೆಟ್ಟಿಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ನಡೆಯುವ ತಿರುಗಾಟವೆಲ್ಲ ರಬ್ಬರಿನ ತಿರುಚಾಟ. ಜೋತಾಡುವಾಗ ಬಿಗಿದರೆ ಆ ಸ್ಥಿತಿಯೇ ಅದರ ವಿಶ್ರಾಂತಿಯ ಸ್ಥಿತಿ. ಕಾರು ನೆಲಕ್ಕಿಳಿದ ಕ್ಷಣದಿಂದ ಎಲ್ಲ ಬುಷ್‌ಗಳೂ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡೇ ಇರುತ್ತವೆ. ಕಾರು ಇರಬೇಕಾದ್ದಕ್ಕಿಂತ ಎತ್ತರ ನಿಲ್ಲುತ್ತದೆ, ಹಿಂಭಾಗ ಒರಟಾಗುತ್ತದೆ, ಕೆಲವೇ ದಿನದಲ್ಲಿ ರಬ್ಬರು ಅಂಟು ಬಿಡುತ್ತದೆ. ಮೊದಲು ಬೆರಳಿನಷ್ಟು ಬಿಗಿದು, ಕಾರನ್ನು ಚಕ್ರಗಳ ಮೇಲೆ ಇಳಿಸಿ, ಸೀಟಿನಲ್ಲಿ ಚಾಲಕನಷ್ಟು ತೂಕವಿಟ್ಟು, ಒಂದೆರಡು ಸಲ ಹಿಂದೆಮುಂದೆ ಉರುಳಿಸಿ, ಆಮೇಲೆ ಬಿಗಿಯಬೇಕು. ಖರ್ಚಿಲ್ಲದ ಔಷಧಿ.

1973ರ ಏಪ್ರಿಲ್ 1ರಂದು ಬ್ರಿಟನ್ನಿನಲ್ಲಿ ಖರೀದಿ ತೆರಿಗೆ ಹೋಗಿ ವ್ಯಾಟ್ ಬಂತು. ಪೆಟ್ಟಿಗೆ ಕಾರಿನ ಲಾಭ ಮುಗಿಯಿತು. ಅದೇ ವರ್ಷ ಸೆವೆನ್ ಮಾಡುವ ಹಕ್ಕನ್ನು ಗ್ರಹಾಂ ನರ್ನ್ ಅವರ ಕೇಟರಮ್ ಕಂಪನಿ ಕೊಂಡಿತು. ತೆರಿಗೆ ಹೋದರೂ ಮನೆಯಲ್ಲಿ ಕಾರು ಕಟ್ಟುವ ಹುಚ್ಚು ಹೋಗಲಿಲ್ಲ ಅನ್ನುವುದಕ್ಕೆ ಸಾಕ್ಷಿ 1996ರಲ್ಲಿ ಹೇನ್ಸ್ ಪ್ರಕಟಿಸಿದ ರಾನ್ ಚಾಂಪಿಯನ್ ಅವರ ಪುಸ್ತಕ. ಕೇವಲ 250 ಪೌಂಡಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟಿ ಅನ್ನುತ್ತಿತ್ತು ಅದರ ಹೆಸರು! ಗುಜರಿಯ ಫೋರ್ಡ್ ಎಸ್ಕಾರ್ಟ್ ತಂದು ಬಿಚ್ಚಿ, ಚೌಕ ಕೊಳವೆ ಬೆಸೆದು ಸೆವೆನ್ನಿನಂಥ ಕಾರು ಮಾಡುವುದು. ಅದಕ್ಕೆ ಲೋಕಾಸ್ಟ್ ಅಂತ ಹೆಸರು ಬಂತು. ಲೋಟಸ್ಸಿಗೆ ಪ್ರಾಸ.

ಲೋಕಾಸ್ಟಿನಲ್ಲಿ ಎ-ಚೌಕಟ್ಟು ಇಲ್ಲ. ಪ್ರತಿ ಪಕ್ಕಕ್ಕೆ ಮೇಲೊಂದು ಕೆಳಗೊಂದು ಸರಳು, ಅಡ್ಡಲಾಗಿ ಪ್ಯಾನ್‌ಹಾರ್ಡ್ ರಾಡ್. ಒಟ್ಟು ಐದು. ಅಂದರೆ ನಾಲ್ಕು ಕಾಲಿನ ಮಂಚ. ಹೊರೆ ಕುಂಬಳಕಾಯಿಯ ತಳ ಬಿಟ್ಟು ಎರಡು ತುದಿಗೆ ಹಂಚಿಹೋಯಿತು, ಎಣ್ಣೆ ಸೋರುವ ಗೋಳು ತಪ್ಪಿತು. ಬದಲಿಗೆ ಬಂದದ್ದು ನಾನು ಮೊದಲು ಹೇಳಿದ ಹಿಡಿತ.

ಕಾರಣ ಹೀಗೆ. ಒಂದು ಪಕ್ಕದ ಮೇಲಿನ ಕೆಳಗಿನ ಸರಳುಗಳು ಸಮ ಉದ್ದ, ಸಮಾಂತರವಾಗಿದ್ದರೆ ಚಕ್ರ ಮೇಲೇರಿದರೂ ಆಕ್ಸಲಿನ ಬ್ರಾಕೆಟ್ಟು ನೆಟ್ಟಗೇ ಇರುತ್ತದೆ. ಉದ್ದದಲ್ಲಿ ಅಥವಾ ಬ್ರಾಕೆಟ್ಟಿನ ತೂತಿನ ಜಾಗದಲ್ಲಿ ವ್ಯತ್ಯಾಸವಿದ್ದರೆ ಚಕ್ರ ಏರುವಾಗ ಬ್ರಾಕೆಟ್ಟು ಒಂದು ಕಡೆ ವಾಲುತ್ತದೆ, ಇಳಿಯುವಾಗ ಇನ್ನೊಂದು ಕಡೆ. ಎರಡೂ ಚಕ್ರ ಒಟ್ಟಿಗೆ ಏರಿದರೆ ಎರಡೂ ಬ್ರಾಕೆಟ್ಟು ಒಂದೇ ಕಡೆ ವಾಲುತ್ತವೆ, ಕೊಳವೆ ತುಸು ತಿರುಗುತ್ತದೆ, ಯಾರಿಗೂ ತೊಂದರೆಯಿಲ್ಲ. ಎಡ ಏರಿ ಬಲ ಇಳಿದರೆ? ಎಡದ ಬ್ರಾಕೆಟ್ಟು ಕೊಳವೆಯನ್ನು ಮುಂದಕ್ಕೆ ತಿರುಗಿಸಲು ನೋಡುತ್ತದೆ, ಬಲದ್ದು ಹಿಂದಕ್ಕೆ. ಕೊಳವೆ ಒಂದೇ! ದಪ್ಪ ಕಬ್ಬಿಣದ ಆ ಕೊಳವೆ ತಿರುಚಿಕೊಳ್ಳುವುದಿಲ್ಲ, ಹಿಡಿದುಕೊಳ್ಳುತ್ತದೆ. ಸ್ಪ್ರಿಂಗೇ ಇಲ್ಲದಾಗ ಚಿಮ್ಮಿದ್ದು ಯಾವುದು ಅಂದರೆ ಈ ಕೊಳವೆ, ಬ್ರಾಕೆಟ್ಟು ಮತ್ತು ಬುಷ್‌ಗಳ ರಬ್ಬರು.

ಹಾಗಾಗಿ ಪತ್ತೆದಾರಿಕೆ ಮಾಡುವವರು ಮೊದಲು ನೋಡುವುದು ಎರಡು ಚಕ್ರ ಒಟ್ಟಿಗೆ, ಆಮೇಲೆ ಒಂದೊಂದೇ. ಒಟ್ಟಿಗೆ ಎತ್ತಿದಾಗಲೇ ಹಿಡಿದರೆ ರೋಗ ಬೇರೆ. ಗೇರ್‌ಬಾಕ್ಸಿನಿಂದ ಬರುವ ಪ್ರೊಪೆಲ್ಲರ್ ಶಾಫ್ಟು ಉದ್ದವಾಗಿ ತುದಿ ತಾಗುತ್ತಿರಬಹುದು, ಬುಷ್ ಒಳಕೊಳವೆ ಗಿಡ್ಡವಾಗಿ ಬ್ರಾಕೆಟ್ಟಿನ ಕೆನ್ನೆ ಹೊರಬಳೆಯನ್ನೇ ಒತ್ತುತ್ತಿರಬಹುದು, ಹ್ಯಾಂಡ್‌ಬ್ರೇಕಿನ ತಂತಿಯೂ ಆಗಬಹುದು. ಒಂದೇ ಚಕ್ರ ಎತ್ತಿದಾಗ ಮಾತ್ರ ಹಿಡಿದರೆ ಮೇಲಿನ ಒಂದು ಸರಳನ್ನು ಬಿಚ್ಚಿ ಮತ್ತೆ ಎತ್ತಿ ನೋಡಬೇಕು. ಐದರಲ್ಲಿ ಒಂದು ಹೋದರೆ ಉಳಿಯುವುದು ನಾಲ್ಕು, ಜಗಳ ನಿಲ್ಲುತ್ತದೆ. ಈಗ ಸಲೀಸಾಗಿ ಆಡಿದರೆ ರೋಗ ಅಳತೆಯದು ಅಂತಲೇ ಅರ್ಥ. ಬಿಚ್ಚಿದ ಸರಳಿನ ಬೋಲ್ಟು ಚಕ್ರದ ಎಲ್ಲ ಎತ್ತರದಲ್ಲೂ ಕೈಯಿಂದ ತೂತಿಗೆ ಹೋಗುತ್ತದೋ ಇಲ್ಲವೋ ನೋಡಿದರೆ ಎಷ್ಟು ತಪ್ಪಿದೆ ಅನ್ನುವುದೂ ಕಾಣುತ್ತದೆ. (ಸರಳು ಬಿಚ್ಚಿ ನೋಡುವುದು ಸ್ಟ್ಯಾಂಡಿನ ಮೇಲೆ ಮಾತ್ರ. ಹಾಗೇ ಓಡಿಸುವ ಸಾಹಸ ಬೇಡ.) ಹೆಚ್ಚಿನ ಸಲ ತಪ್ಪಾಗಿರುವುದು ಆಕ್ಸಲಿಗೆ ಬ್ರಾಕೆಟ್ಟು ಬೆಸೆಯುವಾಗ. ಒಂದೇ ಕಡೆ ಉದ್ದಕ್ಕೂ ವೆಲ್ಡ್ ಮಾಡಿದರೆ ಬಿಸಿಗೆ ಬ್ರಾಕೆಟ್ಟೂ ಎಳೆಯುತ್ತದೆ, ಕೊಳವೆಯೂ ಬಾಗುತ್ತದೆ.

ಹಿಡಿತ ಅಂದ ಕೂಡಲೇ ಬಹಳ ಮಂದಿ ಓಡುವುದು ಅಂಗಡಿಗೆ, ರಬ್ಬರ್ ಕಿತ್ತು ರೋಸ್ ಜಾಯಿಂಟ್ ಹಾಕಲು. ಇದರ ಹುಟ್ಟಿನ ಕತೆ ಚೆನ್ನಾಗಿದೆ. 1940ರಲ್ಲಿ ಬ್ರಿಟಿಷರು ಹೊಡೆದುರುಳಿಸಿದ ಜರ್ಮನ್ ವಿಮಾನವೊಂದನ್ನು ಬಿಚ್ಚಿ ನೋಡಿದಾಗ ಅದರ ನಿಯಂತ್ರಣದ ಸರಳುಗಳ ತುದಿಯಲ್ಲಿ ಗೋಲಿಯಂಥ ಕೀಲು ಸಿಕ್ಕಿತಂತೆ. ಯಾವ ದಿಕ್ಕಿಗೂ ತಿರುಗುತ್ತದೆ, ಸಡಿಲ ಇಲ್ಲ. ಅಮೆರಿಕದಲ್ಲಿ ಅದನ್ನು ಮಾಡುವ ಹಕ್ಕು ಹೈಮ್ ಕಂಪನಿಗೆ, ಬ್ರಿಟನ್ನಿನಲ್ಲಿ ರೋಸ್ ಬೇರಿಂಗ್ಸ್‌ಗೆ ಹೋಯಿತು. ಅದಕ್ಕೇ ಅಲ್ಲಿ ಹೈಮ್ ಜಾಯಿಂಟ್, ಇಲ್ಲಿ ರೋಸ್ ಜಾಯಿಂಟ್. ರೇಸಿನವರಿಗೆ ಅಚ್ಚುಮೆಚ್ಚು.

ನಾಲ್ಕು ತಡೆಯ ಎ-ಚೌಕಟ್ಟಿನಲ್ಲಿ ರೋಸ್ ಜಾಯಿಂಟ್ ಹಾಕಿದರೆ ನಿಜಕ್ಕೂ ಹಿಡಿತ ಹೋಗುತ್ತದೆ. ಅಲ್ಲಿ ಕಾರು ವಾಲುವಾಗ ಕೆಳಗಿನ ಬುಷ್ ಓರೆಯಾಗಿ ತಿರುಚಿಕೊಳ್ಳಬೇಕು, ಗೋಲಿಗೆ ಅದು ಲೀಲಾಜಾಲ. ಐದು ತಡೆಯ ಕಾರಿನಲ್ಲಿ ಹಾಗಲ್ಲ. ಅಲ್ಲಿ ಹಿಡಿತವಿರುವುದು ಕೀಲಿನಲ್ಲಲ್ಲ, ಅಳತೆಯಲ್ಲಿ. ಆ ತಪ್ಪನ್ನು ಸದ್ದಿಲ್ಲದೆ ನುಂಗುತ್ತಿದ್ದದ್ದು ರಬ್ಬರು, ಮಂಚದ ಕಾಲಡಿಯ ಮಡಚಿದ ಕಾಗದದ ಹಾಗೆ. ಕಾಗದ ತೆಗೆದು ಉಕ್ಕು ಇಟ್ಟಂತಾಯಿತು. ಇನ್ನು ಹೊರೆ ಹೋಗುವುದು ಬ್ರಾಕೆಟ್ಟಿನ ಬೆಸುಗೆಗೆ. ಗಟ್ಟಿ ಪಾಲಿಯುರಿಥೇನ್ ಬುಷ್‌ನದೂ ಇದೇ ಹಣೆಬರಹ, ತುಸು ನಿಧಾನವಾಗಿ. ಬುಷ್ ಕೆಟ್ಟರೆ ಟಕ್ ಟಕ್ ಅಂತ ಹೇಳಿಯಾದರೂ ಹೇಳುತ್ತದೆ. ಬೆಸುಗೆ ಬಿರಿದರೆ ಹೇಳದೆಯೇ ಬಿಡುತ್ತದೆ.

ನಮ್ಮೂರಲ್ಲೇ ನೋಡಬೇಕಿದ್ದರೆ 2023ರಲ್ಲಿ ಮಾರುತಿ ತಂದ ಜಿಮ್ನಿಯ ಕೆಳಗೆ ಇಣುಕಿ. ಸ್ಪೋರ್ಟ್ಸ್ ಕಾರಲ್ಲ, ನಿಜ, ಆದರೆ ಹಿಂದೆ ಒಂದೇ ಕೊಳವೆಯ ಆಕ್ಸಲ್, ಸುರುಳಿ ಸ್ಪ್ರಿಂಗು, ಎರಡು ದಪ್ಪ ತೋಳು, ಒಂದು ಅಡ್ಡ ರಾಡು. ಪ್ರತಿ ತೋಳೂ ಆಕ್ಸಲನ್ನು ಎರಡು ಬುಷ್‌ನಿಂದ ಹಿಡಿದಿದೆ. ಲೆಕ್ಕದ ಪ್ರಕಾರ ಅದು ವಾಲಲೇಬಾರದು. ಕಲ್ಲುಗುಂಡಿಯಲ್ಲಿ ಒಂದು ಚಕ್ರ ಇಳಿದರೂ ಓಡುತ್ತಿದೆ ಅಂದರೆ ಅದು ಆ ದಪ್ಪ ರಬ್ಬರಿನ ಉಪಕಾರ.

ಕೇಟರಮ್‌ನವರು 1985ರ ಹೊತ್ತಿಗೆ ಡಿ ಡಿಯಾನ್ ಪದ್ಧತಿ ತಂದರು. ಅದೇನೂ ಹೊಸದಲ್ಲ, ಫ್ರಾನ್ಸಿನ ಡಿ ಡಿಯಾನ್-ಬೂತಾನ್ ಕಂಪನಿಯಲ್ಲಿದ್ದ ಟ್ರೆಪಾರ್ಡೂ 1890ರ ದಶಕದಲ್ಲೇ ಯೋಚಿಸಿದ್ದು. ಡಿಫರೆನ್ಷಿಯಲ್ಲನ್ನು ಚಾಸಿಗೆ ಕಟ್ಟಿ, ಎರಡು ಚಕ್ರಗಳನ್ನು ಬರೀ ಒಂದು ಹಗುರ ಕೊಳವೆಯಿಂದ ಸೇರಿಸುವುದು. ಕುಂಬಳಕಾಯಿಯ ಭಾರ ಚಕ್ರದ ಜೊತೆ ಕುಣಿಯುವುದು ತಪ್ಪಿತು, ಎಣ್ಣೆ ಸೋರುವ ಪ್ರಶ್ನೆಯೂ ತಪ್ಪಿತು. ಆದರೆ ಆ ಕೊಳವೆಯನ್ನು ಜಾಗದಲ್ಲಿ ಹಿಡಿದಿಡಲು ಏನು ಹಾಕಿದರು ಅಂತೀರಿ? ಅದೇ ಎ-ಚೌಕಟ್ಟು. ಈ ಸಲ ತುದಿ ಸೇರಿದ್ದು ಹೊರೆ ಹೊರಲೆಂದೇ ಮಾಡಿದ ಕೊಳವೆಗೆ. ಬುಷ್ ಮಾತ್ರ ಹಾಗೇ ಉಳಿಯಿತು, ಸವೆಯುವುದೂ ಅದೇ. ಹಳೇ ಕೇಟರಮ್ ಕೊಳ್ಳಲು ಹೋದವರು ಇವತ್ತಿಗೂ ಕಾರಿನ ಅಡಿಗೆ ಮಲಗಿ, ಸನ್ನೆಕೋಲು ಹಾಕಿ ಮೊದಲು ಅಲ್ಲಾಡಿಸಿ ನೋಡುವ ಜಾಗಗಳಲ್ಲಿ ಅದೂ ಒಂದು.